ಆರನೇ ಜಾಕೀಟು

ಕಮಲಾಪುರ, ೩ ಫೆಬ್ರುವರಿ ೧೯೯೭

ಮುಂಜಾನಿ ಎರಡು ಪ್ಯಾಂಟು, ಒಂದು ಸಾಲಿ ಅಂಗಿ ಮುಗದ್ವು. ಮಷೀನಿಗಿ ಎಣ್ಣಿ ಬಿಟ್ಟೆ. ಎದುರಿನ ಚಹಾದಂಗಡ್ಯಾಗ ಮತ್ತ ಅದೇ ಕ್ಯಾಸೆಟ್. ಇವತ್ತಿಗಿ ನಾಕನೇ ಸಲ. ಧರ್ಮಣ್ಣನ ದನಿ. ಕೇಳಬಾರ್ದಂತ ಮಷೀನು ಜೋರ್ ತುಳದೆ.

ಇಪ್ಪತ್ತು ವರ್ಷ ಒಂದೇ ಭಜನಿ ಮ್ಯಾಳ. ಅವ ಮುಂದಿನ ದನಿ, ನಾ ಹಿಂದಿನ ದನಿ. ಅವ ಒಂದು ಸಾಲು ಬಿಟ್ಟ ಅಂದ್ರ ನಾ ಎತ್ತಬೇಕು. ಈಗ ಕ್ಯಾಸೆಟ್ ಮ್ಯಾಲ ಅವನೊಬ್ಬನ ಫೋಟೋ. ಹಲ್ಲು ಕಿಸದಾನ.

ರೆಕಾರ್ಡಿಂಗಿಗಿ ಕರೀಲಿಲ್ಲ ಅಂತಲ್ಲ. ಹೆಂಗ ಕರದ? ಮೆಟಾಡೋರ್ ಹೊಡಿಯೋ ಸಲಾವುದ್ದೀನನ ಕೈಲಿ ಹೇಳಿ ಕಳಿಸಿದ — ಬಾ ಅಂತ ಹೇಳು. ನಮ್ಮ ಮ್ಯಾಳದ ಪದ್ಧತಿ ಏನು? ಹೊಸ ಕೆಲಸ ಹಿಡದ್ರ ಜೊತಿಯವನ ಮನಿಗಿ ಬಂದು, ಎಲಿ-ಅಡಕಿ ಕೊಟ್ಟು ಕರೀಬೇಕು. ನಾ ಏನ್ ಕೂಲಿಯವನೇನು? ಹೋಗಲಿಲ್ಲ. ಅವನೂ ಬರಲಿಲ್ಲ. ಆಯ್ತಲ್ಲ.

೬ ಫೆಬ್ರುವರಿ

ಬಂದಿದ್ದ. ಧರ್ಮಣ್ಣ. ಎಲಿ-ಅಡಕಿ ಅಲ್ಲ, ಮರೂನ್ ಬಟ್ಟಿ ಹಿಡಕೊಂಡು!

"ಊರೂರು ಪ್ರೋಗ್ರಾಮ್ ಅದಾವ. ಮಹಾಗಾಂವದಿಂದ ಶುರು. ಆಮ್ಯಾಲ ಸೇಡಂ, ಚಿತ್ತಾಪುರ, ಕಡೀಕ ಗುಲಬರ್ಗಾ. ಎಲ್ಲರಿಗೀ ಒಂದೇ ಥರ ಜಾಕೀಟು ಬೇಕು. ಆರು ಹೊಲಿ."

ಐದು ಅಳತಿ ಚೀಟ್ಯಾಗ ಬರಕೊಂಡು ಬಂದಿದ್ದ.

"ಆರನೇದು?"

"ಅವ... ಇನ್ನಾ ಗಟ್ಟಿ ಆಗಿಲ್ಲ. ನಿನ್ನಂಥಾದೇ ಮೈ. ನಿನ್ನ ಅಳತಿಗೇ ಕತ್ತರಿಸು." ಅಂದು ಕತ್ರಿ ಕಡಿ ನೋಡಿದ. ನನ್ನ ಕಡಿ ಅಲ್ಲ.

ಅಂದ್ರ ಹೊಸ ಹಿಂದಿನ ದನಿ. ನನ್ನ ಜಾಗಕ್ಕ ಮಂದಿ ನೋಡ್ಯಾನ, ಅವನ ಜಾಕೀಟು ನನ್ನ ಕೈಲೇ ಹೊಲಿಸಾಕತ್ತಾನ. ಗಾಯದ ಮ್ಯಾಲ ಬರಿ.

ಹೆಂಡ್ತಿ ಮಲ್ಕಮ್ಮಗ ಹೇಳಿದೆ. ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ ಆಕಿ. "ಯಾರಿಗಂತ ಕೇಳಿದ್ರ ನಿಮ್ಮ ಬಾಯಿ ಸವೀತಿತ್ತೇನ್ರಿ? ಹೊಟ್ಟಿಕಿಚ್ಚು ನಿಮಗ."

ಹೌದು, ಹೊಟ್ಟಿಕಿಚ್ಚೇ. ನನ್ನ ಬುಕ್ಕು ಇದು, ಬರಕೋತೀನಿ.

೧೧ ಫೆಬ್ರುವರಿ, ಮಧ್ಯಾಹ್ನ

ಐದು ಮುಗದ್ವು, ಗುಂಡಿ ಅಷ್ಟೇ ಬಾಕಿ. ಛಂದ ಆಗ್ಯಾವ. ಕೆಲಸಕ್ಕ ಮೋಸ ಇಲ್ಲ.

ಆರನೇದು... ನನ್ನ ಎದಿ ಮೂವತ್ತೆಂಟು. ಮೂವತ್ತೈದಕ್ಕ ಕತ್ತರಿಸಿದೆ. ಗುಂಡಿ ಹಾಕ್ಕೊಂಡ ಮ್ಯಾಲ ಉಸಿರು ತುಂಬಬಾರ್ದು ಅವಂಗ. ಒಳಗ ಮಾರ್ಜಿನ್ ಸೈತ ಬಿಡಲಿಲ್ಲ, ಬಿಚ್ಚಿದ್ರೂ ಅಗಲ ಆಗಬಾರ್ದು. ಉಳದ ತುಂಡು ಬಾಜೂ ಮನಿ ಗುಲ್ಶನ್ ಚೀಲಕ್ಕ ಬೇಕಂದ್ಲು, ಕೊಟ್ಟುಬಿಟ್ಟೆ. ಹಾಡ್ಲಿ ಮಗ, ಹೆಂಗ ಹಾಡ್ತಾನ ನೋಡ್ತೀನಿ.

ಮೂವತ್ತು ವರ್ಷದಾಗ ಬೇಕಂತ ಕೆಡಿಸಿದ ಬಟ್ಟಿ ಇದೊಂದೇ. ಆದ್ರ ಊಟಕ್ಕ ಒಂದು ರೊಟ್ಟಿ ಜಾಸ್ತಿನೇ ತಿಂದೆ.

೧೭ ಫೆಬ್ರುವರಿ

ಗುಂಡಿ ತರಾಕ ಗುಲಬರ್ಗಾಕ್ಕ ಹೋಗಿದ್ದೆ. ವಾಪಸ್ ಬರೂವಾಗ ಟೆಂಪೋದಾಗ ಡ್ರೈವರ್ ಅದೇ ಕ್ಯಾಸೆಟ್ ಹಚ್ಚಿದ. ಎಲ್ಲಿ ಓಡ್ಲಿ? ಕುಂತು ಕೇಳಿದೆ.

ಧರ್ಮಣ್ಣ ಒಂದು ಸಾಲು ಹಾಡ್ದ. ಬಿಟ್ಟ. ಆಮ್ಯಾಲ ಏನೂ ಇಲ್ಲ... ಬರೇ ತಬಲಾ. ಒಂದು ಸಾಲಿನಷ್ಟು ಹೊತ್ತು. ಆಮ್ಯಾಲ ಎರಡನೇ ಸಾಲು. ಮತ್ತ ಖಾಲಿ. ಪೂರಾ ಹಾಡು ಹಂಗೇ. ಎರಡನೇ ಹಾಡೂ ಹಂಗೇ.

ಯಾರಿಗೂ ತಿಳೀಲಿಲ್ಲ. ನನಗ ತಿಳೀತು. ಅದು ನನ್ನ ಜಾಗ.

ಮೂರನೇ ಹಾಡಿಗಿ ಬಾಯಿ ತಂತಾನೇ ತೆರೀತು, ಎತ್ತೇ ಬಿಟ್ಟೆ. ಬಾಜೂಕ ಬದನಿಕಾಯಿ ಬುಟ್ಟಿ ಇಟಗೊಂಡ ಮುದುಕಿ ಹೌಹಾರಿ ಸರದು ಕುಂತ್ಲು.

೧೮ ಫೆಬ್ರುವರಿ

ಜಾಕೀಟು ಒಯ್ಯಾಕ ಶಫಿ ಬಂದಿದ್ದ. ಆ ಕ್ಯಾಸೆಟ್ಟಿಗಿ ಕೀಬೋರ್ಡ್ ಬಾರಿಸಿದವ, ಸೇಡಂ ರಸ್ತೆ ಕಡಿಯವ. ಮಾರಿ ನೋಡದೇ ಬೈಕೋತ ಇದ್ದೆ ಇವನ್ನ. ಒಳ್ಳೇವ. ಚಹಾ ತರಿಸಿದೆ.

ಆ ಖಾಲಿ ಜಾಗದ್ದು ಕೇಳಿದೆ. ನಕ್ಕ. "ಅಣ್ಣೋರ, ಏನ್ ಹೇಳ್ಲಿ? ಮೂರು ಸಲ ರೆಕಾರ್ಡ್ ಮಾಡಿದ್ವಿ. ಮೂರು ಸಲಾನೂ ಧರ್ಮಣ್ಣ ಉಸ್ತಾದ್ ಅಲ್ಲೇ ನಿಂತು ಬಲಗಡಿ ತಿರಗಿ ನೋಡ್ತಾರ. ಅಲ್ಲಿ ಗ್ವಾಡಿ ಅದರಿ! ನಾ ಕೀಬೋರ್ಡ್ ತುಂಬಾಕ ಹೋದ್ರ ನನಗೇ ಬೈದ್ರು."

ಬಲಗಡಿ. ನಾ ಕೂಡೋ ಕಡಿ.

ಐದು ಜಾಕೀಟು ಕಟಗೊಂಡ. ಆರನೇದು ಸರಿಸಿ ಇಟ್ಟ. "ಇದು ಇಲ್ಲೇ ಇರ್ಲಿ ಅಂದಾರ್ರಿ. ಶುಕ್ರವಾರ ನೀವು ಹಾಕ್ಕೊಂಡೇ ಬರೂದಂತ."

ಚಹಾದ ಬಟ್ಟಲ ಕೈಯಾಗೇ ಉಳೀತು.

೧೯ ಫೆಬ್ರುವರಿ

ಹಾಕ್ಕೊಂಡು ನೋಡಿದೆ. ಅರ್ಧ ಸಾಲಿಗಿ ಉಸಿರು ಮುಗೀತದ. ಹೊಲಿಗಿ ಬಿಚ್ಚಿದೆ. ಮಾರ್ಜಿನ್ ಎಲ್ಲಿಂದ ಬರ್ಬೇಕು? ಗುಲ್ಶನ್ ಮನಿಗಿ ಓಡಿದೆ. ಚೀಲ ಹೊಲಕೊಂಡು ಬೀದರಿಗಿ ಹೋಗ್ಯಾಳ. ಆ ಮರೂನ್ ಇಡೀ ಕಮಲಾಪುರದಾಗ ಸಿಗಲಿಲ್ಲ.

ಮಲ್ಕಮ್ಮ ಟ್ರಂಕಿನಾಗಿಂದ ಹಸರು ಕುಬಸದ ಖಣ ತಂದು ಮಷೀನ್ ಮ್ಯಾಲ ಇಟ್ಲು. ಎರಡೂ ಕಂಕುಳ ಕೆಳಗ ತೇಪಿ ಹಚ್ಚಿದೆ. ಆಮ್ಯಾಲ ಅಂದ್ಲು, "ಕೈ ಎತ್ತಬ್ಯಾಡ್ರಿ, ಅಷ್ಟೇ."

ಮಹಾಗಾಂವ, ೨೧ ಫೆಬ್ರುವರಿ, ಸಂಜಿ ಐದು

ಸ್ಟೇಜ್ ಹಿಂದ ಕುಂತು ಬರ್ಯಾಕತ್ತೀನಿ.

ಮುಂಜಾನಿ ಮೆಟಾಡೋರ್ ನಿಲ್ಲಿಸಿ ಧರ್ಮಣ್ಣ ಹೊಸ್ತಿಲಕ್ಕ ಬಂದ. ಎರಡೂ ಕೈಯಾಗ ಎಲಿ-ಅಡಕಿ. ಓಣಿ ಮಂದಿ ಎದುರು ಕೊಟ್ಟ. "ಆವತ್ತೇ ಬರಬೇಕಿತ್ತಲೇ ಮಾಳಿಂಗ್ಯಾ. ತಪ್ಪಾತು." ಕಣ್ಣಾಗ ನೀರು ಬಂದ್ವು ನನಗ. ತೊಗೊಂಡೆ. ತಪ್ಪು ನಂದೂ ಅದ ಅನ್ಲಿಲ್ಲ.

ದಾರ್‍ಯಾಗ ಕೇಳ್ದ, "ಜಾಕೀಟು ಛಂದ ಹೊಲದಿ. ಆರಕ್ಕ ಬಟ್ಟಿ ಸಾಕಾತೇನು?"

"ಸಾಕಾತು" ಅಂದೆ. ಕೈ ಮೈಗಿ ಹಚ್ಚಿಕೊಂಡೇ ಕುಂತಿದ್ದೆ.

ಪ್ರೋಗ್ರಾಮ್ ಮುಗದ ಮ್ಯಾಲ ಹೇಳಿಬಿಡ್ತೀನಿ. ಪೂರಾ. ಬೈದ್ರ ಬೈಲಿ, ಹೊಡದ್ರ ಹೊಡೀಲಿ. ಆದ್ರ ಮೊದಲ ಹಾಡು ಆಗೂತನಕ ಹಸರು ತೇಪಿ ಕಾಣಬಾರ್ದು... ಇಪ್ಪತ್ತು ವರ್ಷದಾಗ ಎಡಗೈ ಎತ್ತಿ ಕಿವಿಗಿ ಹಚ್ಚದೇ ಒಂದು ಸಾಲೂ ಹಾಡಿಲ್ಲ ನಾ.

ಸ್ಟೇಜ್ ಮ್ಯಾಲ ತಬಲಾ ಶುರುವಾತು. ಧರ್ಮಣ್ಣ ಬಲಗಡಿ ತಿರಗಿ ನೋಡಾಕತ್ತಾನ —