ಹೊಸ ಡ್ರೈಯರ್ ಬೇಕೇ, ಬೇಡವೇ

ಲಾಂಡ್ರಿಯ ಮೇಲಿನ ಕೋಣೆ,
ಹದಿನಾಲ್ಕನೇ ತಾರೀಕು, ಮಂಗಳವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಹಡಗಿನ ಎಂಜಿನ್ ರೂಮಿನಲ್ಲಿ ಬಗ್ಗಿ ಬಗ್ಗಿ ಕೆಲಸ ಮಾಡಿ, ಆಮೇಲೆ ಹಲಗೆಯಂಥ ಮಂಚದ ಮೇಲೆ ಮಲಗಿದರೆ ನೋವು ಹೋಗುವುದಾದರೂ ಹೇಗೆ ಎಂದು ಅತ್ತೆ ಊಟಕ್ಕೆ ಕೂತಾಗಲೆಲ್ಲ ಗೊಣಗುತ್ತಾರೆ. ನೀವು ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತೀರೋ ಇಲ್ಲವೋ ತಪ್ಪದೆ ಬರೆಯಬೇಕಂತೆ. ನಾನು ಚೆನ್ನಾಗಿದ್ದೇನೆ. ಹಾಸ್ಟೆಲ್ ಬಿಟ್ಟು ಅತ್ತೆಯ ಮನೆಗೆ ಬಂದ ಮೇಲೆ ಕೆನ್ನೆ ತುಂಬಿಕೊಂಡಿದೆ ಎಂದು ಎಲ್ಲರೂ ಹೇಳುತ್ತಾರೆ. ನಿದ್ದೆ ಮಾತ್ರ ಅಷ್ಟು ಸರಿಯಿಲ್ಲ. ಅದಕ್ಕೆ ಕಾರಣ ಇದೇ ಲಕೋಟೆಯಲ್ಲಿರುವ ರಿಪೋರ್ಟ್.

‘ಗಡಿಬಿಡಿ, ಕಾಲೇಜಲ್ಲಿ ಬಿಸಿನೆಸ್ ರಿಪೋರ್ಟ್ ಬರೆಯೋದು ಕಲೀತಿದೀಯಲ್ಲ, ಅತ್ತೆಗೆ ಹೊಸ ದೊಡ್ಡ ಡ್ರೈಯರ್ ಬೇಕೋ ಬೇಡವೋ ಒಂದು ರಿಪೋರ್ಟ್ ಮಾಡಿ ಕಳಿಸು, ಮುಂದಿನ ಬಂದರಲ್ಲಿ ಓದಿ ಆರ್ಡರ್ ಕೊಟ್ಟುಬಿಡ್ತೀನಿ’ ಎಂದು ನೀವು ಬರೆದಿದ್ದಿರಲ್ಲ, ಅದನ್ನು ಓದಿದಾಗ ಮೊದಲು ನನಗೆ ಕೊಂಬು ಬಂತು. ಕ್ಲಾಸಿನಲ್ಲಿ ಎಲ್ಲರೂ ಇಲ್ಲದ ಕಂಪನಿಗೆ ರಿಪೋರ್ಟ್ ಬರೆಯುತ್ತಿರುವಾಗ ನನಗೊಬ್ಬಳಿಗೆ ನಿಜವಾದ ಲಾಂಡ್ರಿ, ನಿಜವಾದ ಮಷಿನ್, ನಿಜವಾಗಿ ಓದುವವರು ಸಿಕ್ಕಿದ್ದರು. ಆದರೆ ನಮಗೆ ಕಲಿಸುವ ರಿಪೋರ್ಟ್ ಮೇಡಂ ವಿಷಯ ನಿಮಗೆ ಗೊತ್ತಿಲ್ಲ. ಅವರ ಕೆಂಪು ಪೆನ್ನು ನಮ್ಮ ‘ಬಹುಶಃ’ಗಳನ್ನೆಲ್ಲ ನುಂಗಿ ನೀರು ಕುಡಿಯುತ್ತದೆ. ‘ಯಾರಿಗೆ ಬರೀತಿದೀಯಾ, ಅವರು ಓದಿ ಏನು ಮಾಡಬೇಕು, ಇವೆರಡು ಗೊತ್ತಿಲ್ಲದೆ ಪೆನ್ನು ಮುಟ್ಟಬೇಡ’ ಎನ್ನುತ್ತಾರೆ. ತೀರ್ಮಾನ ಮೊದಲ ಸಾಲಿನಲ್ಲೇ ಇರಬೇಕಂತೆ. ಓದುವವರು ಒಂದೇ ಪುಟ ಓದಿ ಎದ್ದುಹೋದರೂ ತಪ್ಪು ಮಾಡಬಾರದಂತೆ. ಆ ಮಾತು ಕೇಳಿದಾಗಿನಿಂದ ನನಗೆ ನಿಮ್ಮದೇ ಯೋಚನೆ. ಏಕೆಂದರೆ ನೀವು ಒಂದು ಪುಟಕ್ಕಿಂತ ಹೆಚ್ಚು ಓದುವವರಲ್ಲ. ಕಾಗದ ಬಂದರೆ ಕೆಳಗಿನ ನಾಲ್ಕು ಸಾಲು ಮೊದಲು ಓದಿ, ಉಳಿದದ್ದನ್ನು ಊಟವಾದ ಮೇಲೆ ನೋಡುವವರು ನೀವು.

ಆದರೂ ಹೇಳಿಕೊಟ್ಟ ಹಾಗೆಯೇ ಶುರುಮಾಡಿದೆ. ಕಾಲೇಜಿಗೆ ರಜೆಯಿದ್ದ ದಿನಗಳಲ್ಲಿ ಬೆಳಗ್ಗೆಯೇ ಕೆಳಗಿಳಿದು ಲಾಂಡ್ರಿಯಲ್ಲಿ ನಿಂತೆ. ಹೋಟೆಲುಗಳ ಹಾಸಿಗೆ ಬಟ್ಟೆ ಮೂಟೆಗಟ್ಟಲೆ ಬರುತ್ತದೆ, ಒಗೆಯುವುದು ಚಕಚಕನೆ ಮುಗಿಯುತ್ತದೆ, ಆಮೇಲೆ ಹಳೆಯ ಡ್ರೈಯರ್ ಮುಂದೆ ಒದ್ದೆ ಬಟ್ಟೆಯ ಗಾಡಿಗಳು ಸಾಲಾಗಿ ಕಾಯುತ್ತ ನಿಲ್ಲುತ್ತವೆ. ಮಡಚುವ ಹೆಂಗಸರು ಕೈಕಟ್ಟಿ ಕೂರುತ್ತಾರೆ. ಇಸ್ತ್ರಿ ಮಾಮ ‘ಮುದುಕಂಗೆ ದಮ್ಮಿಲ್ಲ’ ಎಂದು ಡ್ರೈಯರ್ ಬೆನ್ನಿಗೆ ಒಂದು ಗುದ್ದುತ್ತಾರೆ. (ಇಸ್ತ್ರಿ ಮಾಮನೆಂದರೆ, ಹೋದ ಸಲ ನೀವು ಬಂದಾಗ ನಿಮ್ಮ ಯೂನಿಫಾರ್ಮಿಗೆ ಎರಡೆರಡು ಸಲ ಇಸ್ತ್ರಿ ಹಾಕಿಕೊಟ್ಟರಲ್ಲ, ಅವರು. ಅತ್ತೆ ಇಲ್ಲದ ದಿನ ಲಾಂಡ್ರಿ ಪೂರ್ತಿ ಅವರೇ ನಡೆಸುತ್ತಾರೆ.) ಎಲ್ಲ ನೋಡಿ, ಬರೆದು, ಕೂಡಿಸಿದರೆ ಉತ್ತರ ಕನ್ನಡಿಯಷ್ಟು ಸ್ಪಷ್ಟವಾಗಿತ್ತು. ಹೊಸ ಡ್ರೈಯರ್ ಬೇಕು. ಮೊದಲ ಡ್ರಾಫ್ಟಿನ ಮೊದಲ ಸಾಲಿನಲ್ಲೇ ಹಾಗೆಂದು ಬರೆದೆ. ಮೇಡಂ ಅದರ ಮೇಲೆ ಒಂದೇ ಒಂದು ಕೆಂಪು ಸಾಲು ಬರೆದಿದ್ದರು. ‘ಲಾಂಡ್ರಿ ನಡೆಸುವವರನ್ನು ಕೇಳಿದೆಯಾ?’

ಕೇಳಿರಲಿಲ್ಲ. ಅತ್ತೆಗೆ ಮಷಿನ್ ಬೇಕೇ ಎಂದು ಅತ್ತೆಯನ್ನೇ ಕೇಳುವುದು, ಮೀನಿಗೆ ನೀರು ಬೇಕೇ ಎಂದು ಕೇಳಿದ ಹಾಗೆ ಎಂದುಕೊಂಡಿದ್ದೆ. ನೀವೇ ಬರೆದಿರಲಿಲ್ಲವೇ, ‘ಲಾಂಡ್ರಿ ಇಲ್ಲದಿದ್ರೆ ನನ್ನ ತಂಗಿ ಒಂದು ದಿನವೂ ಇರೋಳಲ್ಲ’ ಎಂದು?

ಶುಕ್ರವಾರ ಕೇಳಿದೆ. ನಿಮಗೆ ಗೊತ್ತಲ್ಲ, ಮಷಿನ್‌ಗಳು ಓಡುವಾಗ ಅಲ್ಲಿ ಯಾರೂ ಮಾತಾಡುವುದಿಲ್ಲ, ಕೂಗುತ್ತಾರೆ. ‘ಟೀ ಬೇಕಾ’ ಎನ್ನುವುದನ್ನೂ ಜಗಳದ ದನಿಯಲ್ಲೇ ಹೇಳಬೇಕು. ನಾನು ಅತ್ತೆಯ ಕಿವಿಯ ಹತ್ತಿರ ಹೋಗಿ, ‘ಹೊಸ ಮಷಿನ್ ಬಂದ್ರೆ ನಿಮಗೆ ಖುಷಿನಾ ಅತ್ತೆ’ ಎಂದು ಕೂಗಿದೆ. ಅವರು ಗಾಡಿ ತಳ್ಳುತ್ತ ಏನೋ ಹೇಳಿದರು. ಕೇಳಿಸಲಿಲ್ಲ. ‘ಏನು’ ಎಂದೆ. ಅವರು ಇನ್ನೂ ಗಟ್ಟಿಯಾಗಿ ಕೂಗಲು ಬಾಯಿ ತೆರೆದರು, ಅದೇ ಹೊತ್ತಿಗೆ ಕರೆಂಟು ಹೋಯಿತು. ಮಷಿನ್‌ಗಳೆಲ್ಲ ಒಟ್ಟಿಗೆ ಗಪ್‌ಚಿಪ್. ಆ ನಿಶ್ಶಬ್ದದಲ್ಲಿ ಅತ್ತೆಯ ದನಿಯೊಂದೇ, ಪೂರ್ತಿ ಗಂಟಲಿನಲ್ಲಿ: ‘ನಂಗೆ ಸಾಕಾಗಿ ಹೋಗಿದೆ ಕಣೇ ಈ ಲಾಂಡ್ರಿ!’

ಮಡಚುವ ಹೆಂಗಸರು ಅರ್ಧ ಮಡಚಿದ ಬಟ್ಟೆ ಹಿಡಿದುಕೊಂಡೇ ನಿಂತರು. ಅತ್ತೆ ಬಾಯಿಗೆ ಸೆರಗು ಹಿಡಿದರು. ಕೊನೆಗೆ ಇಸ್ತ್ರಿ ಮಾಮನೇ, ‘ಅಕ್ಕಾ, ಬೀದಿ ತುದಿವರೆಗೂ ಕೇಳಿಸ್ತು. ಕೇಳಬೇಕಾದ ನಿಮ್ಮಣ್ಣಂಗೊಬ್ಬರಿಗೇ ಕೇಳಿಸಿಲ್ಲ’ ಎಂದರು. ಎಲ್ಲರೂ ನಕ್ಕರು, ಅತ್ತೆಯೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ನಾನು ಮಾತ್ರ ಕೈಯಲ್ಲಿ ಪೆನ್ನು ಹಿಡಿದುಕೊಂಡು ಪೆಚ್ಚಾಗಿ ನಿಂತಿದ್ದೆ.

ಕರೆಂಟು ಬರುವವರೆಗೂ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಅತ್ತೆ ಮೆಲ್ಲಗೆ ಹೇಳಿದರು. ಮಾವ ಬಿಟ್ಟುಹೋದ ವರ್ಷ ನೀವು ಲಾಂಡ್ರಿ ಹಾಕಿಕೊಡದಿದ್ದರೆ ತಾವು ಏನಾಗಿಬಿಡುತ್ತಿದ್ದರೋ ಎಂದರು. ಅದಕ್ಕೇ ಬೇಡವೆನ್ನಲು ನಾಲಿಗೆ ಏಳುವುದಿಲ್ಲವಂತೆ. ‘ನಿಮ್ಮಪ್ಪ ಅಲ್ಲಿ ಬೆನ್ನು ಮುರ್ಕೊಂಡು ದುಡಿದು ಕಟ್ಟಿಕೊಟ್ಟಿದ್ದು. ಸಾಕು ಅಂದ್ರೆ ಎಷ್ಟು ನೊಂದ್ಕೊತಾನೋ.’ ಕಾಲುವೆ ಪಕ್ಕದಲ್ಲಿ ಸಸಿ ಬೆಳೆಸಿ ಮಾರುವ ಅಜ್ಜಿಯೊಬ್ಬರಿದ್ದಾರೆ. ರಜೆಯ ದಿನ ಅತ್ತೆ ಅಲ್ಲಿಗೆ ಹೋಗುವುದು ಹೂಗಿಡ ಕೊಳ್ಳಲು ಎಂದು ನಾನು ತಿಳಿದಿದ್ದೆ. ಅಲ್ಲ, ಪುಕ್ಕಟೆ ಕೆಲಸ ಮಾಡಲು. ಆ ಅಜ್ಜಿಗೆ ಈಗ ಕೈಲಾಗುವುದಿಲ್ಲ, ಜೊತೆಗೆ ಸೇರಿಕೋ ಎಂದು ಕರೆದಿದ್ದಾರೆ. ತಿಂಗಳ ಕೊನೆಯೊಳಗೆ ಹೇಳದಿದ್ದರೆ ಬೇರೆಯವರನ್ನು ಸೇರಿಸಿಕೊಳ್ಳುತ್ತಾರೆ. ‘ಇಷ್ಟು ವರ್ಷ ಊರಿನ ಕೊಳೆಯೆಲ್ಲ ತೊಳೆದು ಕೈ ಬೆಳ್ಳಗಾಯ್ತು, ಇನ್ನು ಸ್ವಲ್ಪ ಕೆಸರಾಗಲಿ ಅನ್ನಿಸುತ್ತೆ’ ಎಂದು ತಮ್ಮ ಅಂಗೈ ನೋಡಿಕೊಂಡರು. ಹಬೆಯಲ್ಲಿ ಬೆಂದು ಬೆಂದು ಅವರ ಬೆರಳ ತುದಿಗಳು ಯಾವಾಗಲೂ ಸುಕ್ಕಾಗಿಯೇ ಇರುತ್ತವೆ ಅಪ್ಪಾ. ನಾನು ಇಷ್ಟು ದಿನ ನೋಡಿಯೇ ಇರಲಿಲ್ಲ. ಅಷ್ಟರಲ್ಲಿ ಕರೆಂಟು ಬಂತು. ಅತ್ತೆ ಎದ್ದು ಸೀರೆ ಕೊಡವಿಕೊಂಡು, ‘ಇದನ್ನೆಲ್ಲ ರಿಪೋರ್ಟಲ್ಲಿ ಬರೀಬೇಡ, ನನ್ನಾಣೆ’ ಎಂದರು.

ಇತ್ತ ದರಿ, ಅತ್ತ ಪುಲಿ. ಅಂದಿನಿಂದ ಡ್ರಾಫ್ಟ್ ಮೇಲೆ ಡ್ರಾಫ್ಟ್ ಬರೆದು ಹರಿಯುತ್ತಿದ್ದೇನೆ. ಬೇಕು ಎಂದು ಬರೆದರೆ ಲೆಕ್ಕವೆಲ್ಲ ನಿಜ, ರಿಪೋರ್ಟ್ ಮಾತ್ರ ಸುಳ್ಳು. ಬೇಡ ಎಂದರೆ ಕಾರಣ ಕೊಡಬೇಕು, ಕಾರಣ ಬರೆಯದಂತೆ ಆಣೆ. ಫೋನ್ ಮಾಡೋಣವೆಂದರೆ, ನೀವು ಸಿಗುವುದು ಬಂದರಿನಲ್ಲಿ ಮಾತ್ರ, ಅಷ್ಟು ಹೊತ್ತಿಗೆ ಆರ್ಡರ್ ಹೋಗಿಬಿಟ್ಟಿದ್ದರೆ? ನೀವಿಬ್ಬರೂ ಫೋನಿನಲ್ಲಿ ಮಾತಾಡುವಾಗಲೂ ನಾನು ಕೇಳಿಸಿಕೊಂಡಿದ್ದೇನೆ. ನೀವು ಬಂದರಿನ ಕ್ರೇನ್ ಸದ್ದಿನಲ್ಲಿ ಕೂಗುತ್ತೀರಿ, ಅವರು ಡ್ರೈಯರ್ ಸದ್ದಿನಲ್ಲಿ ಕೂಗುತ್ತಾರೆ. ಬೆನ್ನು, ಊಟ, ಹವಾಮಾನ, ಮತ್ತೆ ಬೆನ್ನು. ಅಷ್ಟರಲ್ಲಿ ಲೈನ್ ಕಟ್. ಕೊನೆಗೆ ರಿಪೋರ್ಟಿನಲ್ಲಿ ಅಂಕಿಅಂಶಗಳನ್ನೆಲ್ಲ ಹಾಗೆಯೇ ಇಟ್ಟಿದ್ದೇನೆ, ತೀರ್ಮಾನದ ಸಾಲನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಮೇಡಂ ನೋಡಿದರೆ ನನ್ನ ಚರ್ಮ ಸುಲಿಯುತ್ತಾರೆ.

ಹಡಗಿನ ಏಜೆಂಟರ ಆಫೀಸಿನವರು ನಾಲ್ಕು ಗಂಟೆಗೆ ಕಾಗದಗಳನ್ನು ಒಯ್ಯಲು ಬರುತ್ತಾರೆ, ಈಗಾಗಲೇ ಕೆಳಗಿನಿಂದ ಅತ್ತೆ ಎರಡು ಸಲ ಕೂಗಿದರು. ನಿಮ್ಮ ಕನ್ನಡಕದ ಕಡ್ಡಿಗೆ ಇನ್ನೂ ದಾರವೇ ಕಟ್ಟಿದ್ದೀರಾ? ಬದಲಾಯಿಸಿಕೊಳ್ಳಿ. ಇಸ್ತ್ರಿ ಮಾಮ ನಮಸ್ಕಾರ ತಿಳಿಸಿದ್ದಾರೆ. ಅತ್ತೆಯ ಆಶೀರ್ವಾದ ನನಗೆ ಸಿಕ್ಕಿಯೇ ಇದೆ, ನಿಮ್ಮದು ಈ ಸಲ ನನಗೆ ಸ್ವಲ್ಪ ಹೆಚ್ಚಾಗಿಯೇ ಬೇಕು.

ನಿಮ್ಮ ಮಗಳು,
ಗಡಿಬಿಡಿ

ತಾ.ಕ.: ನೀವು ಕೆಳಗಿನಿಂದಲೇ ಓದುವುದರಿಂದ ತೀರ್ಮಾನವನ್ನು ಇಲ್ಲಿ ಬರೆಯುತ್ತಿದ್ದೇನೆ. ಡ್ರೈಯರ್ ಆರ್ಡರ್ ಮಾಡಬೇಡಿ. ಅತ್ತೆಗೆ ಲಾಂಡ್ರಿ ಸಾಕಾಗಿದೆ, ನೀವು ನೊಂದುಕೊಳ್ಳುತ್ತೀರೆಂದು ನಡೆಸುತ್ತಿದ್ದಾರೆ. ಇಸ್ತ್ರಿ ಮಾಮ ವಹಿಸಿಕೊಳ್ಳಲು ತಯಾರಿದ್ದಾರೆ, ನಾನು ಕೇಳಿದೆ. ಅತ್ತೆ ರಿಪೋರ್ಟಿನಲ್ಲಿ ಬರೆಯಬೇಡ ಎಂದರು, ಅದರಲ್ಲಿ ಬರೆದಿಲ್ಲ. ಓದಿದವರು ಮಾಡಬೇಕಾದ ಕೆಲಸ: ಹಡಗು ಬಂದರು ಬಿಡುವ ಮೊದಲೇ, ಮಧ್ಯಾಹ್ನ ಊಟಕ್ಕೆ ಮಷಿನ್ ನಿಲ್ಲಿಸುವ ಹೊತ್ತು ನೋಡಿ ಫೋನ್ ಮಾಡಿ. ‘ನಿಂಗೆ ಏನು ಬೇಕು’ ಎಂದು ಮೊದಲು ಕೇಳಿ. ಹೇಗಿದ್ದೀಯ ಎಂದು ಆಮೇಲೆ ಕೇಳಿದರಾಯಿತು.