ಆ ಕಾರಿನ ಬಾಗಿಲು ಸರಿಯಾಗಿಯೇ ಮುಚ್ಚುತ್ತಿತ್ತು

ಮೋಟಾರು ಕಂಪನಿಯ ಮಾನ್ಯ ವ್ಯವಸ್ಥಾಪಕ ನಿರ್ದೇಶಕರೇ,

ನೀವು ಸೂಪರ್‌ಕಾರನ್ನು ತಯಾರಿಸದೆ ಕೈಬಿಟ್ಟಿರಿ ಎಂಬುದು ನನ್ನ ದೂರಲ್ಲ. ಕೈಬಿಟ್ಟ ತಪ್ಪನ್ನು ನನ್ನ ಗಂಡನ ಕೈಗಳ ಮೇಲೆ ಹೊರಿಸಿದಿರಿ ಎಂಬುದು ನನ್ನ ದೂರು. ಇಷ್ಟು ಕಾಲ ಸುಮ್ಮನಿದ್ದೆ. ಕಳೆದ ತಿಂಗಳು ನಿಮ್ಮ ಕಂಪನಿಯ ಬೆಳ್ಳಿಹಬ್ಬದಲ್ಲಿ ನಿಮ್ಮನ್ನು ಹತ್ತಿರದಿಂದ ನೋಡಿದ ಮೇಲೆ ಸುಮ್ಮನಿರುವ ಮನಸ್ಸು ಹೊರಟುಹೋಯಿತು. ನಿಮ್ಮ ಅತಿಥಿಗಳಲ್ಲಿ ನಾನು ಇರಲಿಲ್ಲ. ಹೇಗೆ ಬಂದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಅಂಥ ಕಾರು ದೇಶಕ್ಕೆ ಬೇಕೇ ಬೇಕು ಎಂದು ವಾದಿಸುವ ಹುಚ್ಚು ನನಗಿಲ್ಲ. ಮಳೆಗಾಲದಲ್ಲಿ ಕಲ್ಯಾಣದಿಂದ ಶೀಳ್‌ಫಾಟಾದವರೆಗೆ ರಿಕ್ಷಾದಲ್ಲಿ ಕೂತು ಬೆನ್ನು ಹಿಡಿಸಿಕೊಂಡವಳು ನಾನು. ನೆಲದಿಂದ ಒಂದು ಗೇಣು ಎತ್ತರವೂ ಇಲ್ಲದ ಕಾರನ್ನು ಆ ಹೊಂಡಗಳಲ್ಲಿ ಯಾವ ಪುಣ್ಯಾತ್ಮ ಓಡಿಸುತ್ತಾನೆ? ಡೀಸೆಲ್ ವ್ಯಾನು ಮಾರುವುದರಲ್ಲೇ ಲಾಭ ಎಂದು ನಿಮಗನ್ನಿಸಿದ್ದರೆ ಹಾಗೆಂದು ಹೇಳಬಹುದಿತ್ತು. ಷೇರುದಾರರು ಒಪ್ಪಲಿಲ್ಲ ಎನ್ನಬಹುದಿತ್ತು. ಧೈರ್ಯ ಸಾಲಲಿಲ್ಲ ಎಂದಿದ್ದರೂ ಯಾರೂ ನಿಮ್ಮನ್ನು ನೇಣಿಗೆ ಹಾಕುತ್ತಿರಲಿಲ್ಲ. ಇಷ್ಟೆಲ್ಲ ಮರ್ಯಾದಸ್ಥ ಕಾರಣಗಳಿರುವಾಗ, ಎದುರು ನಿಂತು ಮಾತಾಡಲಾರದವರ ತಲೆಯ ಮೇಲೆಯೇ ಗೂಬೆ ಕೂರಿಸುವ ಅಗತ್ಯ ನಿಮಗೆ ಏನಿತ್ತು?

ಪತ್ರಿಕೆಯಲ್ಲಿ ಈ ಬಹಿರಂಗ ಪತ್ರ ಓದುವ ಸಾರ್ವಜನಿಕರಿಗೆ ವಿಷಯ ತಿಳಿಯಬೇಕು. ನನ್ನ ಗಂಡ ಯಶ್ವಂತ್ ಫೈಬರ್ ಕೆಲಸದವರು. ಠಾಣೆ ಪಟ್ಟಣದ ವಾಗ್ಳೆ ಕೈಗಾರಿಕಾ ಎಸ್ಟೇಟಿನಲ್ಲಿ ಪುಂಡರೀಕಾಕ್ಷರೆಂಬವರ ವರ್ಕ್‌ಶಾಪಿನಲ್ಲಿ ಬಸ್ಸುಗಳಿಗೆ ಮುಂಭಾಗ, ಡ್ಯಾಶ್‌ಬೋರ್ಡು ಮಾಡುತ್ತಿದ್ದರು. ನಾನು ಅಲ್ಲೇ ಸೀಟು ಹೊಲಿಯುತ್ತಿದ್ದೆ. ಕಲಬುರಗಿ ಕಡೆಯ ಮಾಪಣ್ಣ ಎಂಬವರು ಅಚ್ಚಿನಿಂದ ಬಂದ ಮಾಲನ್ನು ಉಜ್ಜಿ ನುಣುಪು ಮಾಡುತ್ತಿದ್ದರು. ದೆಹಲಿಯ ವಾಹನ ಪ್ರದರ್ಶನದಲ್ಲಿ ಇಡಲು ಸೂಪರ್‌ಕಾರಿನ ಒಂದು ಮಾದರಿ ಬೇಕೆಂದು ನಿಮ್ಮ ಕಂಪನಿ ಕೇಳಿದಾಗ ನಮ್ಮ ಎಸ್ಟೇಟಿನ ದೊಡ್ಡ ದೊಡ್ಡ ವರ್ಕ್‌ಶಾಪುಗಳೆಲ್ಲ ಹಿಂಜರಿದವು. ಪುಂಡರೀಕಾಕ್ಷರು ಮಾತ್ರ ಒಪ್ಪಿಕೊಂಡರು. ಆ ಮಳೆಗಾಲವಿಡೀ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಗಣಪತಿ ಹಬ್ಬಕ್ಕೂ ಇವರು ರಜೆ ಹಾಕಲಿಲ್ಲ. ಮೈಯೆಲ್ಲ ಫೈಬರಿನ ತುರಿಕೆ, ಬಟ್ಟೆ ಒಗೆದರೆ ಬಾಲ್ದಿಯಲ್ಲಿ ಗಾಜಿನ ನೂಲು. ಊಟಕ್ಕೆ ಕೂತರೂ ತಟ್ಟೆಯ ಅಂಚಿನ ಮೇಲೆ ಬೆರಳಾಡಿಸುತ್ತ ಆ ಕಾರಿನ ಬೆನ್ನಿನ ಬಾಗು ಹೇಗಿರಬೇಕೆಂದು ಯೋಚಿಸುತ್ತಿದ್ದ ಮನುಷ್ಯ ಅದು.

ನೀವು ಒಂದು ದಿನ ವರ್ಕ್‌ಶಾಪಿಗೆ ಬಂದಿರಿ. ನಮ್ಮ ಕರಾವಳಿಯವರೇ ಎಂದು ತಿಳಿದಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಕಾರಿನ ಮೈ ಸವರಿ, ಇವರ ಹೆಗಲ ಮೇಲೆ ಕೈಯಿಟ್ಟು ತುಳುವಿನಲ್ಲಿ ಹೇಳಿದಿರಿ: "ಯಶ್ವಂತ್, ಈ ಗಾಡಿ ನಿಮ್ಮದು ಮಾರಾಯ್ರೆ. ನಾನು ಬರೀ ಚಕ್ರ ಹಾಕುವವ." ನಾನು ಹೊಲಿದ ಚರ್ಮದ ಸೀಟಿನಲ್ಲಿ ಕೂತು, "ಎದ್ದೇಳಲಿಕ್ಕೇ ಮನಸ್ಸು ಬರುವುದಿಲ್ಲ ನೋಡಿ" ಎಂದಿರಿ. ಆಮೇಲೆ ದೆಹಲಿಯಲ್ಲಿ ಅದೇ ಕಾರಿನ ಪಕ್ಕ ನಿಂತು ಫೋಟೋದವರಿಗಾಗಿ ಬಾಗಿಲು ತೆಗೆದಿರಿ, ಮುಚ್ಚಿದಿರಿ, ಮತ್ತೆ ತೆಗೆದಿರಿ. ಟೀವಿಯಲ್ಲಿ ಇಡೀ ದೇಶ ನೋಡಿತು. ನಮ್ಮ ಚಾಳಿನ ವಠಾರದವರು ಪೇಡೆ ಹಂಚಿದರು.

ಆಮೇಲೆ ಆ ಸಂದರ್ಶನ. ಇಂಗ್ಲಿಷ್ ಪತ್ರಿಕೆಯನ್ನು ತಂದು ಓದಿದವಳು ನಮ್ಮ ಮಗಳು ರಮಿತಾ. ಅವಳಿಗೆ ನಮ್ಮ ಮಾತು ತಿಳಿಯುತ್ತದೆ, ಬಾಯಲ್ಲಿ ಬರುವುದು ಹಿಂದಿಯೇ. ಓದುತ್ತ ಓದುತ್ತ ದನಿ ಇಳಿಸಿ, "ಪಪ್ಪಾ, ಯೇ ತೋ ಆಪ್ ಲೋಗೋಂ ಕೇ ಬಾರೇ ಮೇ ಹೈ" ಎಂದಳು, ಇದು ನಿಮ್ಮವರ ಬಗ್ಗೆಯೇ ಇದೆ ಅಂತ. ಸೂಪರ್‌ಕಾರಿನ ತಯಾರಿಕೆಯನ್ನು ಕೈಬಿಟ್ಟಿದ್ದೇವೆ ಎಂದಿದ್ದಿರಿ. ಕಾರಣ? ಇಂಥ ಕಾರಿಗೆ ಬೇಕಾದ ನಾಜೂಕಿನ ಕೆಲಸ ನಮ್ಮ ದೇಶದ ಕಾರ್ಮಿಕರಿಗೆ ಬರುವುದಿಲ್ಲ. ಮಾದರಿಯ ಬಾಗಿಲು ಕೂಡ ಸರಿಯಾಗಿ ಮುಚ್ಚುತ್ತಿರಲಿಲ್ಲ.

ನಾನು ಬಾಯಿಗೆ ಬಂದಂತೆ ಬೈದೆ. ಏನು ಬೈದೆ ಎಂಬುದನ್ನು ಸಂಪಾದಕರು ಅಚ್ಚು ಹಾಕಲಿಕ್ಕಿಲ್ಲ. ಇವರು ಬೈಯಲಿಲ್ಲ. "ಯಾವ ಬಾಗಿಲಂತೆ? ಎಡದ್ದಾ, ಬಲದ್ದಾ?" ಎಂದು ಕೇಳಿದರು.

ನಿರ್ದೇಶಕರೇ, ನನ್ನ ಸೇಡು ಹುಟ್ಟಿದ್ದು ಆ ಪ್ರಶ್ನೆಯಿಂದ. ಹಸಿ ಸುಳ್ಳು ನೀವು ಹೇಳಿದಿರಿ; ಇವರು ತಮ್ಮ ಕೆಲಸದಲ್ಲೇ ತಪ್ಪು ಹುಡುಕಲು ಕೂತರು. ಎಲ್ಲಿ ಒಂದು ಎಳೆ ಹೆಚ್ಚಾಯಿತೋ, ಯಾವ ಮೂಲೆ ಒಣಗುವಾಗ ಸೊಟ್ಟಗಾಯಿತೋ ಎಂದು ಚಪಾತಿ ಲಟ್ಟಿಸುವ ನನ್ನನ್ನು ಕೇಳುತ್ತಿದ್ದರು. ಲೋಕಲ್ ರೈಲಿನಲ್ಲಿ ಪರಿಚಯದವರು ಎದುರಾದರೆ ಮುಖ ಕಿಟಕಿಯ ಕಡೆಗೆ. "ಏನು ಯಶ್ವಂತ್‌ಭಾವು, ದರವಾಜಾ ಬಂದ್ ಹೋತೋ ಕಾ?" ಎಂದು, ಬಾಗಿಲು ಮುಚ್ಚುತ್ತದೋ ಅಂತ, ಯಾರೋ ಮರಾಠಿಯಲ್ಲಿ ತಮಾಷೆ ಮಾಡಿದರೆಂದು ಮುಂದಿನ ಸ್ಟೇಷನ್ನಿನಲ್ಲೇ ಇಳಿದು ಬೇರೆ ಗಾಡಿಗೆ ಕಾದದ್ದೂ ಉಂಟು.

ನಿಮ್ಮ ಮಾತು ಎಷ್ಟು ದೂರ ಹೋಯಿತೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಬಸ್ಸಿನ ಕಂಪನಿಯವರು ಆ ಪತ್ರಿಕೆಯನ್ನು ಪುಂಡರೀಕಾಕ್ಷರ ಮೇಜಿನ ಮೇಲಿಟ್ಟು, "ನಿಮ್ಮ ಬಗ್ಗೆ ಹೀಗೆ ಬಂದಿದೆಯಲ್ಲ" ಎಂದು ಕೆಲಸ ಹಿಂತೆಗೆದುಕೊಂಡರು. ಮತ್ತೊಬ್ಬರೂ ಅದನ್ನೇ ಮಾಡಿದರು. ವರ್ಷ ತುಂಬುವುದರೊಳಗೆ ವರ್ಕ್‌ಶಾಪಿಗೆ ಬೀಗ ಬಿತ್ತು. ಮಾಪಣ್ಣ ಮಹಾಪೆಯ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದಾರೆ. ನಾನು ಮನೆಯಲ್ಲಿ ಶಾಲೆಯ ಚೀಲ ಹೊಲಿಯುತ್ತೇನೆ. ಇವರು ಅಂಬರನಾಥದಲ್ಲಿ ರಸ್ತೆಬದಿಗೆ ಇಡುವ ಫೈಬರ್ ಶೌಚಾಲಯಗಳನ್ನು ಮಾಡುತ್ತಾರೆ. ತಾವೆಂದಾದರೂ ಆ ಕಡೆ ಬಂದು ಅವಸರವಾದರೆ ಧಾರಾಳವಾಗಿ ಬಳಸಿ. ಬಾಗಿಲು ಬಹಳ ಚೆನ್ನಾಗಿ ಮುಚ್ಚುತ್ತದೆ.

ಹೀಗಿರುವಾಗ ಬೆಳ್ಳಿಹಬ್ಬಕ್ಕೆ ಮೊದಲು ನಿಮ್ಮ ಪ್ರಚಾರ ವಿಭಾಗದ ಅಧಿಕಾರಿಯೊಬ್ಬರು ಡೊಂಬಿವಲಿಯ ನಮ್ಮ ಚಾಳಿನ ಮೆಟ್ಟಿಲು ಹತ್ತಿ, ಬೆವರೊರೆಸುತ್ತ ಬಂದರು. ಅವರೂ ಕನ್ನಡದವರೇ, ಬೆಂಗಳೂರಿನವರು. ವಿದೇಶದಿಂದ ದೊಡ್ಡ ಕಂಪನಿಯವರು ಬರುತ್ತಾರಂತೆ, ಹಳೆಯ ಸೂಪರ್‌ಕಾರನ್ನು ನೋಡಲೇಬೇಕೆಂದಿದ್ದಾರಂತೆ. ಕಾರು ಸ್ವಲ್ಪ ಹಾಳಾಗಿದೆ, ಸರಿ ಮಾಡಿಕೊಡಬೇಕಂತೆ.

"ಯಾಕೆ ಸರ್? ನಮಗೆ ಅಂಥ ಕೆಲಸ ಬರುವುದಿಲ್ಲವಲ್ಲ?" ಎಂದೆ ನಾನು.

"ಅಯ್ಯೋ ಮೇಡಂ, ಅದೆಲ್ಲ ಹಳೇ ವಿಷಯ. ಸಾಹೇಬ್ರು ಏನೋ ಮಾತಿಗೆ ಅಂದಿರ್ತಾರೆ. ಮನಸಿಗೆ ಹಚ್ಕೋಬಾರದು."

"ಮಾತಿಗೆ ಅಂದದ್ದು ಪೇಪರಿನಲ್ಲಿ ಬಂತು. ತಪ್ಪಾಯಿತು ಅಂತ ಪೇಪರಿನಲ್ಲೇ ಬರಲಿ. ಮತ್ತೆ ನೋಡುವ."

ಅಷ್ಟರಲ್ಲಿ ಇವರು ಒಳಗಿನಿಂದ ಬಂದರು. ಮುಖದಲ್ಲಿ ನಾನು ಎಷ್ಟೋ ಕಾಲದಿಂದ ಕಾಣದ ಕಳೆ. "ಗಾಡಿ ಎಲ್ಲುಂಟು ಈಗ?" ಎಂದು ಕೇಳಿದರು. ಅಧಿಕಾರಿಗೆ ಹೋದ ಜೀವ ಬಂತು. ಮಾರನೆಯ ದಿನವೇ ಬಂದು ನೋಡುವುದೆಂದು ಮಾತಾಯಿತು. ಆತ ಇಳಿದುಹೋದ ಮೇಲೆ ನಮ್ಮಿಬ್ಬರಿಗೆ ಜಗಳ. "ನಿಮಗೆ ಮಾನ ಮರ್ಯಾದೆ ಎಂಥದೂ ಇಲ್ಲವಾ?" ಎಂದೆ. ಇವರು, "ಅವರ ಮೇಲಿನ ಸಿಟ್ಟನ್ನು ಗಾಡಿಯ ಮೇಲೆ ತೀರಿಸುವುದಾ ದಮಯಂತಿ? ಅದು ಎಂಥ ತಪ್ಪು ಮಾಡಿದೆ?" ಎಂದರು. ನೋಡಿ, ನೀವು ಕ್ಷಮೆ ಕೇಳದೆಯೇ ಕ್ಷಮಿಸಲು ತಯಾರಾಗಿದ್ದ ಮನುಷ್ಯ. ಅಂಥವರನ್ನೂ ನೀವು ಉಳಿಸಿಕೊಳ್ಳಲಿಲ್ಲ.

ಮಾಪಣ್ಣನನ್ನು ಕರೆದುಕೊಂಡು ಇವರು ನಿಮ್ಮ ಗೋದಾಮಿಗೆ ಹೋದರು. ಅಲ್ಲಿ ಕಂಡದ್ದನ್ನು ನನಗೆ ಹೇಳಿದ್ದು ಮಾಪಣ್ಣ. ಡೀಸೆಲ್ ವ್ಯಾನಿನ ಜಾಹೀರಾತು ಬೋರ್ಡು ನಿಲ್ಲಿಸಲು ಕಾರಿನ ತಲೆಯ ಮೇಲೆ ತೂತು ಕೊರೆದು ಬೋಲ್ಟು ಹಾಕಿದ್ದರಂತೆ. ಲಾರಿಯ ಮೇಲಿಟ್ಟು ಊರೂರು ತಿರುಗಿಸಿದ್ದರಂತೆ. ನಾನು ಹೊಲಿದ ಸೀಟುಗಳನ್ನು ಕಿತ್ತು ನಿಮ್ಮ ಕಚೇರಿಯಲ್ಲಿ ಬಂದವರು ಕೂರುವ ಜಾಗಕ್ಕೆ ಹಾಕಿಕೊಂಡಿದ್ದೀರಂತೆ. ಮತ್ತೆ ಬಾಗಿಲು? ಹಗ್ಗದಿಂದ ಬಿಗಿದಿತ್ತಂತೆ. "ಅಕ್ಕಾರ, ಅಣ್ಣಾರು ಅದರ ಮೈಮ್ಯಾಲೆ ಕೈ ಇಟ್ಟು ಹಂಗs ನಿಂತಬಿಟ್ರು ನೋಡ್ರಿ," ಎಂದರು ಮಾಪಣ್ಣ. "ನನಗ ಕಣ್ಣಾಗ ನೀರು ಬಂತು. ಅವ್ರಿಗೆ ಬರಲಿಲ್ಲ."

ಆಗ ನಿಮ್ಮ ಅಧಿಕಾರಿ, "ಎಷ್ಟು ದಿನ ಬೇಕಾಗುತ್ತೆ ಯಶ್ವಂತ್?" ಎಂದು ಕೇಳಿದರಂತೆ.

ಇವರು ಶಾಂತವಾಗಿ ಹೇಳಿದ ಮಾತು ಇದು: "ನಮಗೆ ಅಂಥ ಕೆಲಸ ಬರುವುದಿಲ್ಲ ಅಂತ ನಿಮ್ಮ ಸಾಹೇಬರೇ ಹೇಳಿದ್ದಾರೆ. ದೊಡ್ಡವರು. ನಾನು ಮಾಡಿಕೊಟ್ಟರೆ ಅವರ ಮಾತು ಸುಳ್ಳಾಗುತ್ತದಲ್ಲ ಸರ್? ಅದು ಬೇಡ."

ಇಷ್ಟು ವರ್ಷ ಸಂಸಾರ ಮಾಡಿದ್ದೇನೆ. ನನ್ನ ಗಂಡ ಇಷ್ಟು ಚೆನ್ನಾಗಿ ಬೈಯಬಲ್ಲರೆಂದು ನನಗೆ ಗೊತ್ತೇ ಇರಲಿಲ್ಲ.

ಮುಂದಿನ ಕೆಲಸ ಮಾಪಣ್ಣನದು. ಬೇರೆ ಕೆಲಸಗಾರರನ್ನು ಹುಡುಕುತ್ತ ನಿಮ್ಮ ಅಧಿಕಾರಿಯ ಜೀಪು ವಾಗ್ಳೆ ಎಸ್ಟೇಟಿಗೆ ಹೋಗುವ ಮೊದಲೇ ಅವರು ಹೋಗಿ, ನಡೆದದ್ದನ್ನೆಲ್ಲ ಚಹಾದಂಗಡಿಯಲ್ಲಿ ನಿಂತು ಹೇಳಿದರು. ಮರಾಠಿಯವರು, ಯುಪಿಯವರು, ನಮ್ಮವರು ಎಲ್ಲರೂ ಕೇಳಿಸಿಕೊಂಡರು. ಅಧಿಕಾರಿ ಯಾವ ಶೆಡ್ಡಿಗೆ ಹೋದರೂ ಅಲ್ಲಿಯವರು ಕೈಮುಗಿದು ಒಂದೇ ಉತ್ತರ ಕೊಟ್ಟರು: "ಸಾಬ್, ಹಮ್‌ಸೇ ನಹೀ ಹೋಗಾ. ಇತನಾ ಬಾರೀಕ್ ಕಾಮ್ ಹಮೇ ಕಹಾಂ ಆತಾ ಹೈ?" ನಮ್ಮಿಂದಾಗದು, ಇಷ್ಟು ನಾಜೂಕಿನ ಕೆಲಸ ನಮಗೆಲ್ಲಿ ಬರುತ್ತದೆ ಅಂತ. ಯಾರೂ ಮುಷ್ಕರ ಹೂಡಲಿಲ್ಲ, ಕಲ್ಲೆಸೆಯಲಿಲ್ಲ, ಘೋಷಣೆ ಕೂಗಲಿಲ್ಲ. ನಿಮ್ಮ ಅಭಿಪ್ರಾಯವನ್ನು ವಿನಯದಿಂದ ಒಪ್ಪಿಕೊಂಡರು, ಅಷ್ಟೆ. ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ, ಅಂದು ಪಾಯಸ ಮಾಡಿದೆ.

ಆದರೂ ಕಣ್ಣಾರೆ ನೋಡಬೇಕೆಂಬ ಆಸೆ. ಬೆಳ್ಳಿಹಬ್ಬದ ಉಪಾಹಾರದ ಕಾಂಟ್ರಾಕ್ಟು ಠಾಣೆಯಲ್ಲಿ ಹೋಟೆಲಿಟ್ಟಿರುವ ನನ್ನ ಸೋದರಮಾವನ ಮಗ ಕಮಲಾಕ್ಷನಿಗೆ ಸಿಕ್ಕಿತ್ತು. "ನಾನೂ ಬಡಿಸಲಿಕ್ಕೆ ಬರುತ್ತೇನೆ" ಎಂದಾಗ ಅವನು, "ಗಲಾಟೆ ಮಾಡಬೇಡ ಮಾರಾಯ್ತಿ, ನನ್ನ ಹೊಟ್ಟೆಪಾಡು" ಎಂದು ಆಣೆ ಮಾಡಿಸಿಕೊಂಡೇ ಕರೆದೊಯ್ದ. ನಾನು ಮಾತಿಗೆ ತಪ್ಪಲಿಲ್ಲ. ಹುಲ್ಲುಹಾಸಿನ ಮಧ್ಯೆ ವೇದಿಕೆ, ವೇದಿಕೆಯ ಮೇಲೆ ಹೂವಿನ ಹಾರ, ಹಾರದೊಳಗೆ ಕೆಂಪು ಸ್ಯಾಟಿನ್ ಬಟ್ಟೆ ಹೊದ್ದು ಮಲಗಿದ ನಮ್ಮ ಕಾರು. ಬಟ್ಟೆಯ ಮೇಲಿನಿಂದಲೇ ಆ ಬೆನ್ನಿನ ಬಾಗು ನನಗೆ ಗುರುತು ಸಿಕ್ಕಿತು. ವಿದೇಶದ ಮುದುಕರೊಬ್ಬರು ಅದರ ಸುತ್ತ ತಿರುಗಿ, ಬಟ್ಟೆ ಯಾವಾಗ ತೆಗೆಯುತ್ತೀರಿ ಎಂದು ಕೈಸನ್ನೆ ಮಾಡಿದರು. ನೀವು ನಕ್ಕು, ಅವರ ತೋಳು ಹಿಡಿದು ಚಹಾದ ಕಡೆಗೆ ತಿರುಗಿಸಿದಿರಿ. ಸ್ವಲ್ಪ ಹೊತ್ತಿಗೆ ಅವರು ಮತ್ತೆ ಬಂದರು. ನೀವು ಮತ್ತೆ ನಕ್ಕಿರಿ. ಆ ನಗುವಿನಲ್ಲಿ ಬೆವರಿತ್ತು. ಭಾಷಣಗಳು ಮುಗಿದವು, ಚಪ್ಪಾಳೆ ಮುಗಿಯಿತು, ಬಟ್ಟೆ ಏಳಲಿಲ್ಲ. ಆ ಮುದುಕರು ತಮ್ಮ ಕಾರು ಹತ್ತುವ ಮೊದಲೊಮ್ಮೆ ತಿರುಗಿ ನೋಡಿ, ತಲೆಯಲ್ಲಾಡಿಸಿ ಹೋದರು. ಮನಸ್ಸಿಗೆ ಅಷ್ಟು ತಂಪು ನನಗೆ ಯಾವ ತೀರ್ಥಯಾತ್ರೆಯಲ್ಲೂ ಸಿಕ್ಕಿರಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಕೊನೆಗೆ ನೀವು ನನ್ನ ತಟ್ಟೆಯಿಂದ ಗೋಳಿಬಜೆ ತೆಗೆದುಕೊಂಡಿರಿ. ನಾನು ಹೊಲಿದ ಸೀಟನ್ನು ಹೊಗಳಿದವರಿಗೆ ನನ್ನ ಮುಖ ನೆನಪಿರಲಿಲ್ಲ. ತಡೆಯಲಾರದೆ ಕೇಳಿದೆ: "ಸರ್, ಆ ಬಟ್ಟೆಯ ಅಡಿಯಲ್ಲಿ ಎಂಥ ಉಂಟು?"

ನೀವು ಬಾಯಿ ಒರೆಸಿಕೊಳ್ಳುತ್ತ ಹೇಳಿದಿರಿ: "ಎಂಥದೂ ಇಲ್ಲಮ್ಮ. ಹಳೇ ಸಾಮಾನು."

ಇವರಿಗೆ ಆ ಮಾತನ್ನು ನಾನು ಹೇಳಿಲ್ಲ. ಬಟ್ಟೆ ಏಳಲಿಲ್ಲ ಎಂದಷ್ಟೇ ಹೇಳಿದೆ. ಈ ಪತ್ರ ಅಚ್ಚಾದ ದಿನ ಇವರೂ ಓದುತ್ತಾರೆ. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲಿ. ನಿಮ್ಮನ್ನು ಇನ್ನೊಮ್ಮೆ ಕ್ಷಮಿಸುವ ಅವಕಾಶ ಇವರಿಗೆ ಸಿಗಬಾರದೆಂದೇ ಬರೆಯುತ್ತಿದ್ದೇನೆ.

ನನ್ನ ಬೇಡಿಕೆ ಇಷ್ಟೇ. ಆ ಸಂದರ್ಶನ ಬಂದ ಪತ್ರಿಕೆಯಲ್ಲಿ, ಅದೇ ಜಾಗದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ, ನಿಮ್ಮ ಸಹಿಯೊಂದಿಗೆ ಎರಡು ವಾಕ್ಯ ಬರಬೇಕು: ಮಾದರಿ ಕಾರಿನ ಕೆಲಸದಲ್ಲಿ ಯಾವ ದೋಷವೂ ಇರಲಿಲ್ಲ, ಅದನ್ನು ತಯಾರಿಸದಿರುವ ತೀರ್ಮಾನ ನಮ್ಮದೇ. ಅಧಿಕಾರಿಯ ಕೈಯಲ್ಲಿ ಶಾಲು, ಹಣ್ಣಿನ ಬುಟ್ಟಿ ಕಳಿಸಬೇಡಿ. ಮೆಟ್ಟಿಲ ಮೇಲಿಂದಲೇ ಹಿಂದೆ ಕಳಿಸುತ್ತೇನೆ. ಮುಂದಿನ ವರ್ಷ ನಿಮ್ಮ ಹೊಸ ಚಿಕ್ಕ ಕಾರು ಬರುತ್ತದಂತೆ, ಅದರ ಒಳಗಿನ ಕೆಲಸಕ್ಕೆ ವಾಗ್ಳೆ ಎಸ್ಟೇಟಿನಲ್ಲಿ ವಿಚಾರಿಸುತ್ತಿದ್ದೀರಂತೆ. ವಿಚಾರಿಸಿ. ನಾನೂ ವಾರಕ್ಕೊಮ್ಮೆ ಚೀಲದ ಬಟ್ಟೆ ತರಲು ಆ ಕಡೆಗೆ ಹೋಗುತ್ತೇನೆ. ಈ ಪತ್ರಿಕೆಯ ಪ್ರತಿಗಳನ್ನು ಒಯ್ಯುತ್ತೇನೆ. ಕನ್ನಡ ಓದಲು ಬಾರದವರಿಗೆ ರಮಿತಾ ಹಿಂದಿಯಲ್ಲಿ ಓದಿ ಹೇಳುತ್ತಾಳೆ.

ಇಂತಿ,
ತಮ್ಮ ಹೊಗಳಿಕೆಯನ್ನು ಒಮ್ಮೆ ನಂಬಿ ಕೆಟ್ಟ,
ದಮಯಂತಿ
ಡೊಂಬಿವಲಿ ಪೂರ್ವ