ಮೂರನೆಯ ದಿನದ ಕೆಂಪು

ಮಡಿಕೇರಿ
೨೮ ಜುಲೈ ೧೯೫೫

ಕರಿಕೆಯ ಹೊನ್ನಮ್ಮನಿಗೆ, ನೀನು ಬಿಟ್ಟುಹೋದ ಅಡುಗೆಮನೆಯಲ್ಲಿ ಕೂತು ಕಾಮಾಕ್ಷಿ ಬರೆಯುವುದು.

ಈ ಕಾಗದವನ್ನು ನಿನಗೆ ಪುಟ್ಟರಾಜು ಮೇಷ್ಟ್ರು ಓದಿ ಹೇಳುತ್ತಾರೆ. ಜಗಲಿಯಲ್ಲಿ ನಾಲ್ಕು ಜನ ಕೂತು ಕೇಳುತ್ತಾರೆ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಶುಕ್ರವಾರದ ಸಂತೆಯಲ್ಲಿ ನಿಮ್ಮೂರಿನ ಸುಬ್ಬಿ ಸಿಕ್ಕಿದ್ದಳು. ಈ ಸಲ ಕಕ್ಕಡ ತಿಂಗಳ ಹದಿನೆಂಟಕ್ಕೆ ನೀನು ಮದ್ದು ಸೊಪ್ಪಿನ ಪಾಯಸ ಮಾಡುವುದಿಲ್ಲವಂತೆ. 'ನನ್ನ ಕೈಯಿಂದ ಒಂದು ಜೀವ ಹೋತ್, ಇನ್ನು ಆ ಸೊಪ್ಪು ಮುಟ್ಟೆ' ಅಂದೆಯಂತೆ.

ಹಾಸನದ ಕಡೆಯಿಂದ ಬಂದ ನಮಗೆ ಆ ದಿನವನ್ನು ಕಲಿಸಿದವಳೇ ನೀನು. ಹೋದ ವರ್ಷ ಸೊಪ್ಪು ಕುದಿಸಿದ ನೀರು ನೇರಳೆಯಾದಾಗ ನನ್ನ ತಂಗಿ ಪ್ರೇಮಾವತಿ ಮಗುವಿನಂತೆ ಪಾತ್ರೆಯೊಳಗೆ ಇಣುಕಿದ್ದಳು. ಮರುದಿನ ಮೂತ್ರ ಕೆಂಪಾದರೆ ಮದ್ದು ಮೈಗೆ ಹತ್ತಿತೆಂದು ಅರ್ಥ ಎಂದು ನೀನು ಹೇಳಿದ್ದೆ. ಬೆಳಿಗ್ಗೆ ಹಿತ್ತಿಲಿನಿಂದ ಬಂದವಳೇ ಅವಳು, 'ಹೊನ್ನೀ, ನನ್ನದು ಕೆಂಪೋ ಕೆಂಪು, ನಮ್ಮಕ್ಕನದು ಬರೀ ಗುಲಾಬಿ. ಎಂ.ಎ. ಓದಿದವರಿಗೆ ಮದ್ದೂ ಹತ್ತೋದಿಲ್ಲ ಕಣೇ!' ಎಂದು ನಿನ್ನನ್ನು ನಗಿಸಿದ್ದಳು.

ಮೂರನೆಯ ದಿನ ಅವಳಿಗೆ ಸೊಂಟನೋವು, ಚಳಿ. ನೀನು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, 'ಅಕ್ಕಾ, ಮೂರು ದಿನ ಆತಲ್ಲಾ, ಇನ್ನೂ ಕೆಂಪೇ ಉಟ್ಟು. ಮದ್ದಿನ ಬಣ್ಣ ಇಷ್ಟು ದಿನ ನಿಂತದ್ದು ನಾ ನೋಡಿತ್ಲೆ' ಎಂದೆ. ನಾನು ಪದ್ಯದ ಪುಸ್ತಕದಿಂದ ಕಣ್ಣೆತ್ತಲಿಲ್ಲ. 'ಎರಡು ಬಟ್ಟಲು ಕುಡಿದಳಲ್ಲ, ಅದಕ್ಕೇ. ಸುಮ್ಮನೆ ಹೆದರಿಸಬೇಡ' ಎಂದೆ.

ಐದನೆಯ ದಿನ ಆಸ್ಪತ್ರೆಗೆ ಹೋದೆವು. ಇಂಜೆಕ್ಷನ್ನಿಗೆ ಹೊತ್ತು ಮೀರಿತ್ತು. ಏಳನೆಯ ದಿನ ಅವಳಿರಲಿಲ್ಲ.

ಸಾವಿಗೆ ಬಂದವರ ಎದುರಿಗೆ ನಮ್ಮ ರಂಗತ್ತೆ, 'ಯಾವ ಕಾಡುಸೊಪ್ಪು ಬೆರೆಸಿ ಹಾಕಿದಳೋ ಈ ಕರಿಕೆಯವಳು' ಎಂದರು. ನೀನು ನನ್ನ ಮುಖ ನೋಡಿದೆ. ನಾನು ನೆಲ ನೋಡಿದೆ. ಪಾಯಸದ ಪಾತ್ರೆ ತೊಳೆದು, ಬೋರಲು ಹಾಕಿ, ನೀನು ಹೊರಟುಹೋದೆ.

ಆಮೇಲೆ ಮೈಸೂರಿನಿಂದ ರಕ್ತಪರೀಕ್ಷೆಯ ವರದಿ ಬಂತು. ಡಾಕ್ಟರು ಕೂರಿಸಿಕೊಂಡು ವಿವರಿಸಿದರು. ಅವಳ ರಕ್ತದಲ್ಲಿ ಸಿಕ್ಕಿದ ಕ್ರಿಮಿ ನಮ್ಮೆಲ್ಲರ ಕರುಳಿನಲ್ಲೂ ಇರುವಂಥದ್ದಂತೆ. ಹುಟ್ಟಿದ ಕೆಲವೇ ದಿನಗಳಲ್ಲಿ ಬಂದು ಸೇರಿ, ಯಾರಿಗೂ ತೊಂದರೆ ಕೊಡದೆ ಬದುಕಿರುತ್ತದಂತೆ. ಎಲ್ಲೋ ಅಪರೂಪಕ್ಕೆ ಮೂತ್ರದ ದಾರಿ ಹಿಡಿದು, ಮೂತ್ರಪಿಂಡ ಹತ್ತಿ, ರಕ್ತಕ್ಕೆ ಇಳಿಯುತ್ತದಂತೆ. ನಿನ್ನ ಸೊಪ್ಪು, ನಿನ್ನ ಪಾತ್ರೆ, ನಿನ್ನ ಕೈ ಯಾವುದಕ್ಕೂ ಅದರ ಸಂಬಂಧವಿಲ್ಲ. ಮೂರನೆಯ ದಿನದ ಕೆಂಪು ಬಣ್ಣವಲ್ಲ, ರಕ್ತ. ಅಂದೇ ಕರೆತಂದಿದ್ದರೆ ಬಹುಶಃ ಉಳಿಸಬಹುದಿತ್ತು ಎಂದರು.

ಆ ವರದಿಯನ್ನು ಅದೇ ಪದ್ಯದ ಪುಸ್ತಕದೊಳಗೆ ಮಡಿಚಿಟ್ಟು ಒಂದು ವರ್ಷ ಸುಮ್ಮನಿದ್ದೆ. ತಪ್ಪು ನಿನ್ನದಲ್ಲ ಎಂದು ಹೇಳಿದರೆ ಯಾರದು ಎಂದೂ ಹೇಳಬೇಕಾಗುತ್ತಿತ್ತು.

ಈಗ ಹೇಳುತ್ತೇನೆ. ಮೇಷ್ಟ್ರು ಈ ಸಾಲನ್ನು ಜಗಲಿಗೆಲ್ಲ ಕೇಳುವಂತೆ ಎರಡು ಸಲ ಓದಲಿ: ಹೊನ್ನಮ್ಮ ಸರಿಯಾಗಿಯೇ ನೋಡಿದ್ದಳು, ಕಾಮಾಕ್ಷಿ ಕೇಳಲಿಲ್ಲ. ರಂಗತ್ತೆಯ ಎದುರಿಗೂ ನಿನ್ನೆ ಇದನ್ನೇ ಹೇಳಿದೆ.

ಪಾತ್ರೆ ನೀನಿಟ್ಟಂತೆಯೇ ಬೋರಲಾಗಿದೆ. ಬಾ ಎನ್ನುವ ಹಕ್ಕು ನನಗಿಲ್ಲ. ಬರುವ ಬುಧವಾರ ಕಕ್ಕಡ ಹದಿನೆಂಟು. ನಿನ್ನ ಮಗಳು ಮುದ್ದಿಗಾದರೂ ಪಾಯಸ ಮಾಡಿ ಬಡಿಸು. ಮೂರನೆಯ ದಿನ ನೀನು ಹೇಗೂ ನೋಡಿಯೇ ನೋಡುತ್ತೀಯ.

ನಿನ್ನ ಒಲೆ ಆರದಿರಲಿ, ನಿನ್ನ ಕೈಯ ಮೇಲೆ ನಿನಗೆ ಮತ್ತೆ ನಂಬಿಕೆ ಬರಲಿ.

ಅಂದು ನೆಲ ನೋಡಿದ,
ಕಾಮಾಕ್ಷಿ